ನೀಲಮ್ಮ ಹೊಲಿಗೆ ಬಿಟ್ಟಳಂತೆ

ನಮ್ಮೂರಿನಲ್ಲಿ ಯಾರಿಗೆ ಏನು ತಿಳಿಯಬೇಕಾದರೂ ಬಾವಿಯನ್ನು ಕೇಳುತ್ತಾರೆ. ಚೌಕದ ನಡುವೆ ಇರುವ ಸೇದುಬಾವಿ ಅದು. ಕಟ್ಟೆಯ ಮೇಲಿಂದ ಬಗ್ಗಿ ಕೇಳಬೇಕಾದ್ದನ್ನು ಕೇಳಿ, ಹಗ್ಗ ಇಳಿಬಿಟ್ಟು ಕೊಡ ಸೇದಿದರೆ ನೀರಿನ ಜೊತೆ ಉತ್ತರವೂ ಮೇಲೆ ಬರುತ್ತದೆ. ಒಂದು ಕೊಡಕ್ಕೆ ಒಂದು ಉತ್ತರ. ಹಲ್ಲುನೋವಿಗೆ ಏನು ಹಚ್ಚಬೇಕು, ಹೊಸ ಹುಣಿಸೆಹಣ್ಣು ಯಾರ ಅಂಗಡಿಗೆ ಬಂದಿದೆ, ಮುನಿಸಿಕೊಂಡು ಹೋದ ಗಂಡ ಯಾವ ಜಗಲಿಯಲ್ಲಿ ಕೂತಿದ್ದಾನೆ, ಎಲ್ಲವನ್ನೂ ಹೇಳುತ್ತದೆ. ನಮ್ಮತ್ತೆಯ ಕಾಲದಲ್ಲಿ ಒಂದು ಕೊಡ ಸೇದಿದರೆ ಸಾಕಾಗುತ್ತಿತ್ತಂತೆ. ಈ ‘ಅಂತೆ’ ನನ್ನದು, ಬಾವಿಯದಲ್ಲ. ಎರಡಕ್ಕೂ ವ್ಯತ್ಯಾಸವಿದೆ, ಹೇಳುತ್ತೇನೆ.

ಬೆಲ್ಲದ ಅಂಗಡಿಯ ತಿಮ್ಮಶೆಟ್ಟರು ಒಂದು ದಿನ ಕಟ್ಟೆಯ ಮೇಲೆ ಕೂತು ತಮ್ಮ ಬೆಲ್ಲವನ್ನು ತಾವೇ ಹೊಗಳಿಕೊಳ್ಳುತ್ತಿದ್ದಾಗ ಕೈಯಲ್ಲಿದ್ದ ಅಚ್ಚು ಜಾರಿ ಬಾವಿಗೆ ಬಿತ್ತು. ಅದಾದ ಮೇಲೆ ಯಾರೋ ಬಂದು, ನನ್ನ ಮೇಕೆ ಎಲ್ಲಿ ಹೋಯಿತು ಎಂದು ಕೇಳಿದರು. ಕೊಡ ಮೇಲೆ ಬಂತು. “ತಿಮ್ಮಶೆಟ್ಟಿಯ ಬೆಲ್ಲ ಬಲು ಒಳ್ಳೆಯದಂತೆ” ಎಂದಿತು ಬಾವಿ. ಆ ಮನುಷ್ಯ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಬಾವಿಯೇ ಹೇಳಿದ ಮೇಲೆ ಏನೋ ಇರಬೇಕೆಂದು ಬೆಲ್ಲ ಕಟ್ಟಿಸಿಕೊಂಡು ಮನೆಗೆ ಹೋದ. ಮೇಕೆ ಎರಡನೆಯ ಕೊಡದಲ್ಲಿತ್ತು. ಅವನು ಸೇದಲಿಲ್ಲ.

ಬೆಲ್ಲ ಹಾಕಿ, ಬೇಕಾದ ಮಾತು ಹೇಳಿ ಬಂದರೆ ಆ ಮಾತೇ ಮೊದಲು ಬರುತ್ತದೆ ಎಂಬುದು ಊರಿಗೆಲ್ಲ ತಿಳಿಯುವುದಕ್ಕೆ ಹೊತ್ತು ಹಿಡಿಯಲಿಲ್ಲ. ದೊಡ್ಡ ಅಚ್ಚು ಹಾಕಿದವನ ಮಾತು ಮೊದಲ ಕೊಡದಲ್ಲಿ, ಚಿಕ್ಕ ಅಚ್ಚಿನವನದು ಎರಡನೆಯದರಲ್ಲಿ, ಪುಡಿ ಉದುರಿಸಿದವನದು ಅದರ ಹಿಂದೆ. ಬಾವಿಯ ಸ್ವಂತ ಮಾತು ಎಲ್ಲರ ಬೆಲ್ಲವೂ ಮುಗಿದ ಮೇಲೆ. ಅಲ್ಲಿಯವರೆಗೆ ಸೇದುವ ರಟ್ಟೆ ಯಾರಿಗಿದೆ? ಊರಿನವರು ಹೊಂದಿಕೊಂಡರು. ಬಾವಿಯ ನೀರು ಸಿಹಿಯಾಯಿತು, ಕಾಫಿಗೆ ಸಕ್ಕರೆ ಹಾಕುವುದು ನಿಂತಿತು. ಹುಳಿಗೆ ಖಾರದಪುಡಿ ಒಂದು ಚಮಚ ಹೆಚ್ಚು ಬೀಳತೊಡಗಿತು. ಸಕ್ಕರೆ ಕಾಯಿಲೆಯವರು ಹಳ್ಳದ ನೀರು ತರಲು ಹೋದರು. ಇರುವೆಗಳು ಬಾವಿಕಟ್ಟೆಯಲ್ಲೇ ಸಂಸಾರ ಹೂಡಿದವು. ಈ ಎಲ್ಲದರಲ್ಲಿ ನಿಜವಾಗಿ ಉದ್ಧಾರವಾದವರು ತಿಮ್ಮಶೆಟ್ಟರೊಬ್ಬರೇ. ಯಾರು ಯಾರನ್ನು ಹಿಂದೆ ಹಾಕಬೇಕಾದರೂ ಬೆಲ್ಲ ಅವರ ಅಂಗಡಿಯದೇ ಆಗಬೇಕು.

ಆದರೂ ಬಾವಿಗೆ ಒಂದು ಮರ್ಯಾದೆ ಇತ್ತು. ತನ್ನ ಮಾತನ್ನು ಅದು ಸೀದಾ ಹೇಳುತ್ತಿತ್ತು. ಬೆಲ್ಲದ ಮಾತಿಗೆ ಮಾತ್ರ ಬಾಲದಲ್ಲೊಂದು ‘ಅಂತೆ’ ಹಚ್ಚುತ್ತಿತ್ತು. ಒಮ್ಮೆ ಹಿರಿಯರೆಲ್ಲ ಚೌಕದಲ್ಲಿ ಸಭೆ ಸೇರಿ, ‘ಅಂತೆ’ ಎಂಬುದು ಜನರ ಕಿವಿಗೆ ಸ್ಪಷ್ಟವಾಗಿ ಬೀಳಬೇಕು ಎಂದು ತೀರ್ಮಾನ ಮಾಡಿದರು. ಅಂಗಡಿಯವರೆಲ್ಲ ತುಂಬುಹೃದಯದಿಂದ ಒಪ್ಪಿದರು. ಅದರ ಮರುವಾರವೇ ತಿಮ್ಮಶೆಟ್ಟರು ಬಾವಿಗೆ ಹೊಸ ಕಬ್ಬಿಣದ ರಾಟೆ ದಾನ ಮಾಡಿದರು. ಆ ರಾಟೆಗೆ ಹುಟ್ಟಿದಾಗಿನಿಂದ ಎಣ್ಣೆ ಕಂಡು ಗೊತ್ತಿಲ್ಲ. ಕೊಡ ಕಟ್ಟೆಯ ಸಮಕ್ಕೆ ಬಂದಾಗ, ಅಂದರೆ ಮಾತಿನ ಬಾಲ ಬರುವ ಹೊತ್ತಿಗೆ ಸರಿಯಾಗಿ, ಹಂದಿ ಹಿಡಿದಂತೆ ಕಿರ್ರೆಂದು ಅರಚುತ್ತದೆ. ಯಾರಾದರೂ ಎಣ್ಣೆ ಬಿಡೋಣವೆಂದರೆ ಶೆಟ್ಟರು ಗಾಬರಿಯಾಗುತ್ತಿದ್ದರು. ಎಣ್ಣೆ ಕುಡಿದ ರಾಟೆಯಲ್ಲಿ ಹಗ್ಗ ಜಾರುತ್ತದೆ, ಹೆಂಗಸರು ಮಕ್ಕಳು ಬರುವ ಜಾಗ, ಏನಾದರೂ ಆದರೆ ನನ್ನ ಹೆಸರು ಕೆಡುತ್ತದೆ ಎನ್ನುತ್ತಿದ್ದರು. ಅವರ ಹೆಸರು ರಾಟೆಯ ಮೇಲೆ ಕೆತ್ತಿತ್ತು, ಅದು ನಿಜ.

ನಾನು ಹೊಲಿಗೆಯವಳು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ನನ್ನ ಮಿಷನ್ ಇದೆ. ಯಜಮಾನರು ಲಾರಿ ಓಡಿಸುತ್ತಾರೆ, ಮನೆಗೆ ಬಂದಾಗ ನೆಂಟರಂತೆ ಕೂತು ಕಾಫಿ ಕುಡಿದು ಹೋಗುತ್ತಾರೆ. ಉಳಿದ ದಿನ ನಾನು, ನಾಲ್ಕನೇ ಕ್ಲಾಸಿನ ಮಗಳು ಪಾರಿಜಾತ, ಮತ್ತು ಬಟ್ಟೆಯ ಗಂಟುಗಳು. ನಾನು ಬಾವಿಗೆ ಒಂದು ಚೂರು ಬೆಲ್ಲ ಹಾಕಿದವಳಲ್ಲ. ನನ್ನ ಕೈ ಗೊತ್ತಿದ್ದವರು ಬರುತ್ತಾರೆ ಎಂಬ ಜಂಬ ಇತ್ತು, ಬರುತ್ತಲೂ ಇದ್ದರು. ಎಷ್ಟು ಬರುತ್ತಿದ್ದರೆಂದರೆ, ಪಾರಿ ಏನು ಕೇಳಿದರೂ ನಾನು ಮಿಷನ್‌ನಿಂದ ತಲೆ ಎತ್ತದೆ, ಇರು ಪಾರಿ, ಹೊಲಿಗೆ ಬಿಟ್ಟ ಮೇಲೆ, ಎನ್ನುತ್ತಿದ್ದೆ. ಚೌಕಾಬಾರ ಆಡುವುದು ಹೊಲಿಗೆ ಬಿಟ್ಟ ಮೇಲೆ. ತಲೆ ಬಾಚುವುದು ಹೊಲಿಗೆ ಬಿಟ್ಟ ಮೇಲೆ. ಅಷ್ಟರಲ್ಲಿ ಅವಳಿಗೂ ನಿದ್ದೆ, ನನಗೂ ನಿದ್ದೆ.

ಅಂಥ ಮನೆಗೆ ಶಾಲೆ ಶುರುವಾಗುವ ತಿಂಗಳಲ್ಲೇ ಜನ ಬರುವುದು ನಿಂತುಹೋಯಿತು. ಮೊದಲು ಬ್ಲೌಸಿನವರು ನಿಂತರು, ಆಮೇಲೆ ಫಾಲ್ಸ್ ಹಾಕಿಸುವವರು. ಕೊನೆಗೆ ಗುಂಡಿ ಹಾಕಿಕೊಡು ಎಂದು ಬರುವವರೂ ಇಲ್ಲ. ಇದೇನೆಂದು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ಪಕ್ಕದ ಮನೆಯ ಸಾವಂತ್ರಮ್ಮ ಎಳನೀರು ಹಿಡಿದುಕೊಂಡು ಬಂದರು. ರೋಗಿಯನ್ನು ನೋಡಲು ಬರುವ ಮುಖ. ಒಳಗೆ ಬಂದು ನನ್ನ ಕೈ ಹಿಡಿದು, “ಕಣ್ಣು ಮಂಜಾಯ್ತಾ ನೀಲಾ, ಇಲ್ಲಾ ಸೊಂಟ ಹಿಡ್ಕೊಂಡ್ತಾ?” ಎಂದು ಕೇಳಿದರು.

ನಾನು ಆಗ ಸೂಜಿಗೆ ದಾರ ಪೋಣಿಸುತ್ತಿದ್ದೆ. ಒಂದೇ ಸಲಕ್ಕೆ ಪೋಣಿಸಿ ತೋರಿಸಿದೆ. ಸಾವಂತ್ರಮ್ಮ ಇನ್ನೂ ಮರುಕಪಟ್ಟರು. “ಪಾಪ, ಕೈಗೆ ಅಭ್ಯಾಸ ಹೋಗಿಲ್ಲ ನೋಡು. ಹೊಲಿಗೆ ಬಿಟ್ರೂ ಸೂಜಿ ಬಿಡ್ತಿಲ್ಲ” ಎಂದರು. ಯಾರು ಬಿಟ್ಟಿದ್ದು ಎಂದು ಕೇಳಿದರೆ, ಬಾವಿಯೇ ಹೇಳಿತಲ್ಲಮ್ಮ ಎನ್ನುತ್ತಾರೆ. ಎದುರಿಗೆ ಕೂತು ಹೊಲಿಯುತ್ತಿರುವವಳನ್ನು ನೋಡಿ, ಅವಳು ಹೊಲಿಯುವುದಿಲ್ಲವೆಂದು ನಂಬುವ ಜನ ನಮ್ಮವರು. ಎಳನೀರು ಕುಡಿಯುವವರೆಗೆ ಬಿಡಲಿಲ್ಲ.

ನಾನು ನೇರ ಬಾವಿಗೆ ಹೋದೆ. ಈ ಊರಲ್ಲಿ ಒಳ್ಳೆ ಹೊಲಿಗೆಯವರು ಯಾರು ಎಂದು ಕೇಳಿ ಸೇದಿದೆ. “ನೀಲಮ್ಮ ಹೊಲಿಗೆ ಬಿಟ್ಟಳ” ಎಂದಿತು ಬಾವಿ, ಅಷ್ಟರಲ್ಲಿ ರಾಟೆ ಅರಚಿತು. ಮತ್ತೆ ಕೇಳಿ, ಮತ್ತೆ ಸೇದಿದೆ. ಎದುರು ಸಾಲಿನ ಪ್ಯಾಂಟ್ ಟೈಲರ್ ಮಹಾದೇವನ ಹೆಸರು ಬಂತು. ಮತ್ತೆ ಸೇದಿದೆ. ಕ್ಷೌರದಂಗಡಿಯವನಿಗೂ ಕತ್ತರಿ ಚೆನ್ನಾಗಿ ಬರುತ್ತದೆ ಎಂದಿತು. ಆಮೇಲೆ ಕೊಡೆ ರಿಪೇರಿಯವನು, ಚಾಪೆ ಹೆಣೆಯುವವರು. ಅಂಗೈ ಕೆಂಪಗಾಗಿ ಹಗ್ಗ ಬಿಟ್ಟೆ.

ಮನೆಗೆ ಬಂದು ಪಾರಿಗೆ ಅನ್ನ ಹಾಕುವಾಗಲೂ ಬಾವಿಯ ಮಾತೇ ಕಿವಿಯಲ್ಲಿ ತಿರುಗುತ್ತಿತ್ತು. ನಲವತ್ತರ ಹತ್ತಿರ ಬಂದವಳು, ಹುಟ್ಟಿದಾಗಿನಿಂದ ಕನ್ನಡ ಆಡುತ್ತಿದ್ದೇನೆ. ಬಾವಿ ಸ್ವಂತಕ್ಕೆ ಹೇಳಿದ್ದರೆ ‘ಬಿಟ್ಟಳು’ ಎಂದು ತುಟಿ ಮುಂದೆ ಮಾಡಿ ಮಾತು ಮುಗಿಸಬೇಕಿತ್ತು. ನನಗೆ ಕೇಳಿಸಿದ್ದು ‘ಬಿಟ್ಟಳ’. ಗಂಟು ಹಾಕದೆ ಬಿಟ್ಟ ದಾರದ ಹಾಗೆ. ಅಂದರೆ ಮುಂದೆ ಏನೋ ಇತ್ತು, ರಾಟೆ ಅದನ್ನು ನುಂಗಿತು. ಯಾರೋ ನನ್ನ ಹೆಸರಿಗೆ ಬೆಲ್ಲ ಹಾಕಿದ್ದಾರೆ. ಪಾರಿ ಅನ್ನದ ತಟ್ಟೆ ನೋಡುತ್ತ, ಅಮ್ಮಾ ಇವತ್ತು ಚೌಕಾಬಾರ ಆಡೋಣವಾ ಎಂದಳು. ಇಂಥ ಹೊತ್ತಿನಲ್ಲಿ ಆಟವೇ ಎಂದು ಗದರಿದೆ.

ಹಾಕಿದವನು ಯಾರೆಂದು ಯೋಚಿಸಬೇಕೆ? ಮಹಾದೇವನ ಅಂಗಡಿಗೆ ಹೋಗಿ ಬಾಯಿಗೆ ಬಂದದ್ದು ಅಂದೆ. ಅವನು ಟೇಪನ್ನು ಕತ್ತಿಗೆ ಸುತ್ತಿಕೊಂಡು, ಅಳುವ ಹಾಗೆ ನಿಂತಿದ್ದ. ಕೆಂಪು ಬ್ಲೌಸೊಂದನ್ನು ನನ್ನ ಮುಂದೆ ಹಿಡಿದ. “ಅಕ್ಕಾ, ನನ್ನ ಹೆಸರಿಗೆ ಬೆಲ್ಲ ಹಾಕ್ಕೊಂಡಿರೋದು ನಿಜ. ನಿಮ್ಮ ಹೆಸರು ಕೆಡಿಸಿ ನಾನೇನ್ ಮಾಡ್ಲಿ? ನಾನು ಪ್ಯಾಂಟಿನೋನು. ಈ ಹೆಂಗಸರೆಲ್ಲ ನಿಮ್ಮನ್ನ ಬಿಟ್ಟು ನನ್ನ ತಲೆ ಮೇಲೆ ಬಂದು ಕೂತವ್ರೆ. ನೋಡಿ, ನಿದ್ದೆಗಣ್ಣಲ್ಲಿ ಬ್ಲೌಸಿಗೆ ಜೇಬಿಟ್ಟಿದೀನಿ.” ಇಟ್ಟಿದ್ದ, ಎರಡು ಕಡೆಗೂ. ಹಾಗಾದರೆ ಶಾಲೆಯ ಬಟ್ಟೆಗೆ ಎಷ್ಟು ಬೆಲ್ಲ ಹಾಕಿದ್ದೀಯ ಎಂದೆ. ಅದಕ್ಕೆ ಅವನು ಇಸ್ತ್ರಿ ಪೆಟ್ಟಿಗೆಯ ಕೆಂಡ ಊದಿದ.

ಶಾಲೆಯ ಬಟ್ಟೆ ಎಂದರೆ ಇಡೀ ಶಾಲೆಯ ಸಮವಸ್ತ್ರ. ಅದು ಸಿಕ್ಕವರ ಮನೆಯಲ್ಲಿ ವರ್ಷವಿಡೀ ಒಲೆ ನಿಶ್ಚಿಂತೆಯಾಗಿ ಉರಿಯುತ್ತದೆ. ಹಿಂದಿನ ವರ್ಷಗಳಲ್ಲೆಲ್ಲ, ಹೊಲಿಗೆಯ ಮಾತಿಗೆ ಯಾರೂ ಬೆಲ್ಲ ಹಾಕದಿದ್ದಾಗ, ನನಗೇ ಸಿಕ್ಕಿತ್ತು. ಹೆಡ್ ಮೇಡಂ ವಿಶಾಲಾಕ್ಷಿಯವರು ಸೋಮವಾರ ಊರಿನ ಮುಂದೆ ಬಾವಿಯನ್ನು ಕೇಳುತ್ತಾರೆ. ಒಂದೇ ಕೊಡ, ಬಂದ ಉತ್ತರವೇ ಕೊನೆ, ಹಾಗೆಂದು ಪದ್ಧತಿ. ಈ ಸಲ ಮೊದಲ ಕೊಡದಲ್ಲಿ ಒಂದೋ ಮಹಾದೇವ ಬರುತ್ತಾನೆ, ಇಲ್ಲವೇ ನಾನು ಹೊಲಿಗೆ ಬಿಟ್ಟ ಸುದ್ದಿ ಬರುತ್ತದೆ. ಎರಡರಲ್ಲಿ ಯಾವುದು ಬಂದರೂ ನನ್ನ ಒಲೆಗೆ ನೀರು. ಇನ್ನು ನಾನೂ ಬೆಲ್ಲ ಹಾಕುವುದೇ ಸರಿ ಎಂದುಕೊಂಡು ಅಡುಗೆಮನೆಯ ಡಬ್ಬಿ ತೆಗೆದರೆ, ಯುಗಾದಿಗೆಂದು ತಂದು ಉಳಿಸಿದ್ದ ಬೆಲ್ಲದ ಜಾಗದಲ್ಲಿ ನಾಲ್ಕು ಇರುವೆಗಳು ತಿರುಗುತ್ತಿದ್ದವು. ತಿಂದೆಯಾ ಎಂದು ಪಾರಿಯನ್ನು ಕೇಳಿದೆ. ಇಲ್ಲಮ್ಮ ದೇವರಾಣೆ ತಿಂದಿಲ್ಲ ಎಂದಳು. ತಿಂದಿಲ್ಲ ಎಂಬುದರ ಮೇಲೆ ಅವಳು ಇಟ್ಟ ಒತ್ತು ನನಗೆ ಆಗ ಕೇಳಿಸಲಿಲ್ಲ.

ಬೆಲ್ಲವಿಲ್ಲದಿದ್ದರೆ ಬೇಡ. ಹೊಲಿಗೆಯವಳ ಮನೆಯಲ್ಲಿ ಬೆಲ್ಲಕ್ಕಿಂತ ಒಳ್ಳೆಯದೊಂದು ಇರುತ್ತದೆ, ಮಿಷನ್ ಎಣ್ಣೆ. ಉದ್ದ ಮೂಗಿನ ಡಬ್ಬಿ. ಭಾನುವಾರ ಮಧ್ಯಾಹ್ನ, ತಿಮ್ಮಶೆಟ್ಟರು ಗೋಣಿಚೀಲಗಳ ಮೇಲೆ ಹೊಟ್ಟೆ ಆಕಾಶಕ್ಕೆ ಮಾಡಿ ಮಲಗಿದ್ದ ಹೊತ್ತು ನೋಡಿ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಪಾರಿಯೂ ಹಿಂದೆಯೇ ಬಂದಳು. ಬೇಡವೆಂದರೂ ಬಂದಳು. ನಾನು ಕಟ್ಟೆ ಹತ್ತಿ ರಾಟೆಯ ಅಚ್ಚಿಗೆ ಟಕ್ ಟಕ್ ಎಂದು ಎಣ್ಣೆ ಬಿಡುತ್ತಿದ್ದರೆ ಅವಳು ಕೆಳಗೆ ನಿಂತು ನನ್ನ ಸೆರಗು ಜಗ್ಗುತ್ತಿದ್ದಳು.

“ಅಮ್ಮಾ, ಎಣ್ಣೆ ಯಾಕೆ ದಂಡ ಮಾಡ್ತೀಯ. ಕಿರ್ ಅಂದ್ರೇ ಬಾವಿ ಅನ್ನೋ ಹಾಗಿರುತ್ತೆ.”

ಸುಮ್ಮನಿರು ಎಂದೆ. ಆಮೇಲೆ, ಬಾವಿ ಎಲ್ಲಾ ಹೇಳಿಬಿಡುತ್ತದಾ ಎಂದು ಕೇಳಿದಳು. ಕೇಳಿದರೆ ಹೇಳುತ್ತೆ ಎಂದೆ. ಕೇಳದಿದ್ದರೆ ಎಂದಳು. ಕೇಳದೆ ಯಾರು ಹೇಳ್ತಾರೆ ಎಂದೆ. ಅವಳು ನಿಟ್ಟುಸಿರು ಬಿಟ್ಟು, ಮನೆಗೆ ಹೋಗುವಾಗ ಎಣ್ಣೆ ಡಬ್ಬಿಯನ್ನು ತಾನೇ ಹಿಡಿದುಕೊಂಡಳು. ಎಷ್ಟು ಒಳ್ಳೆಯ ಮಗು ಎಂದು ನಾನು ಹೆಮ್ಮೆಪಟ್ಟೆ.

ಸೋಮವಾರ ಚೌಕ ತುಂಬಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಮಹಾದೇವ ಹೊಸ ಅಂಗಿ ಹಾಕಿಕೊಂಡು, ಕೈಗೆ ಅಂಟಿದ ಬೆಲ್ಲವನ್ನು ಪ್ಯಾಂಟಿಗೆ ಒರೆಸುತ್ತಿದ್ದ. ಬೆಳಿಗ್ಗೆಯೇ ದೊಡ್ಡದೊಂದು ಅಚ್ಚು ಇಳಿಸಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ತಿಮ್ಮಶೆಟ್ಟರು ರಾಟೆಯ ದಾನಿಯಾದ್ದರಿಂದ ಕುರ್ಚಿಯ ಮೇಲಿದ್ದರು. ವಿಶಾಲಾಕ್ಷಿ ಮೇಡಂ ಕನ್ನಡಕ ಸರಿಮಾಡಿಕೊಂಡು, ಮಕ್ಕಳ ಸಮವಸ್ತ್ರವನ್ನು ಯಾರ ಕೈಯಲ್ಲಿ ಹೊಲಿಸಬೇಕು ಎಂದು ಕೇಳಿ, ಕೊಡ ಇಳಿಸಿ ಸೇದಿದರು. ಹಗ್ಗ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಮೇಲೆ ಬಂತು. ರಾಟೆ ಉಸಿರೆತ್ತಲಿಲ್ಲ. ಇಡೀ ಚೌಕಕ್ಕೆ ಕೇಳುವಂತೆ ಬಾವಿ ಹೇಳಿತು: “ಹೊಲಿಗೆ ಎಂದರೆ ಮಹಾದೇವನದು, ಮಿಕ್ಕವರದು ಬರೀ ದಾರವಂತೆ.”

ಯಾರೋ ಕಿಸಕ್ಕೆಂದರು. ನಮ್ಮೂರಿನ ಜನ ಎಷ್ಟು ಕಾಲವಾಗಿತ್ತೋ ಆ ‘ಅಂತೆ’ಯನ್ನು ಬರಿಮೈಯಲ್ಲಿ ನೋಡಿ. ಸಾವಂತ್ರಮ್ಮ, ಹಾಗಾದರೆ ನನ್ನ ಮಂಡಿಗೆ ಹಚ್ಚಿದ ಎಣ್ಣೆಯೂ ಅಂತೆಯೇ ಏನೋ ಎಂದು ಜೋರಾಗಿಯೇ ಯೋಚಿಸಿದರು. ಇನ್ನೊಬ್ಬರು, ನನ್ನ ಅಳಿಯನನ್ನೂ ಮೊದಲ ಕೊಡದಲ್ಲೇ ಆರಿಸಿದ್ದು ಎಂದರು. ಗಲಾಟೆ ಬೆಳೆಯುವ ಮೊದಲು ತಿಮ್ಮಶೆಟ್ಟರು ಎದ್ದು, ಒಂದು ಕೊಡ ಆಯಿತು, ಪದ್ಧತಿ ಎಂದರೆ ಪದ್ಧತಿ, ಮುಗಿಯಿತು ಎಂದರು.

ವಿಶಾಲಾಕ್ಷಿ ಮೇಡಂ ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. “ಅಂತೆ ಅಂದ್ರೆ ಅದು ಸುದ್ದಿ ಶೆಟ್ಟರೇ, ಉತ್ತರ ಅಲ್ಲ. ಉತ್ತರ ಬರೋವರೆಗೂ ನಾನು ಸೇದ್ತಿರೋದು ಮೊದಲನೇ ಕೊಡವೇ” ಎಂದು ಮತ್ತೆ ಹಗ್ಗ ಇಳಿಬಿಟ್ಟರು.

“ನೀಲಮ್ಮ ಹೊಲಿಗೆ ಬಿಟ್ಟಳಂತೆ” ಎಂದಿತು ಬಾವಿ.

ಎಲ್ಲರ ಮುಖ ನನ್ನ ಕಡೆ ತಿರುಗಿತು. ನನಗೆ ಗೆದ್ದಷ್ಟು ಖುಷಿ. ಅಂತೆ, ಕೇಳಿಸಿಕೊಂಡಿರಾ, ಅಂತೆ, ಎಂದು ಎಲ್ಲರನ್ನೂ ನೋಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟು ದಿನದ ಉರಿ ಹೊಟ್ಟೆಯಲ್ಲಿತ್ತು. ಕಟ್ಟೆಗೆ ನುಗ್ಗಿ, ಮೇಡಂ ಕೈಯಿಂದ ಹಗ್ಗ ಕಿತ್ತುಕೊಂಡು, ಬಾವಿಗೆ ಬಗ್ಗಿ, ನಮ್ಮೂರಲ್ಲಿ ಅಂದಿನವರೆಗೆ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದೆ.

“ಯಾರು ಅಂದಿದ್ದು?”

ಆ ಪ್ರಶ್ನೆಗೆ ಯಾರೂ ಬೆಲ್ಲ ಹಾಕಿರಲಿಲ್ಲ. ನಾನೇ ಸೇದಿದೆ. ತಿಮ್ಮಶೆಟ್ಟರು ಒಂದು ಹೆಜ್ಜೆ ಹಿಂದೆ ಸರಿದದ್ದು ಕಂಡಿತು, ಮಹಾದೇವ ಕಣ್ಣು ಮುಚ್ಚಿಕೊಂಡದ್ದೂ ಕಂಡಿತು. ಕೊಡ ಮೇಲೆ ಬಂತು.

“ಪಾರಿ” ಎಂದಿತು ಬಾವಿ. ಬಾಲವಿಲ್ಲ, ಏನಿಲ್ಲ.

ಅವಳು ಸಾಲಿನಲ್ಲಿ ಇರಲಿಲ್ಲ. ವಿಶಾಲಾಕ್ಷಿ ಮೇಡಂ ಸೀರೆಯ ಹಿಂದೆ, ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಕೇಳದೆ ಯಾರು ಹೇಳುತ್ತಾರೆ ಎಂದು ನಾನೇ ಮಾತು ಕೊಟ್ಟಿದ್ದೆನಲ್ಲ, ಮೋಸ ಮಾಡಿದೆ ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ಕೈ ಹಿಡಿದು ಮುಂದೆ ಎಳೆದೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

ಪಾರಿ ಜಡೆಯನ್ನು ಬಾಯಿಂದ ತೆಗೆದಳು. “ನೀನೇ ಹೇಳ್ತಿದ್ದೆಯಲ್ಲ. ಹೊಲಿಗೆ ಬಿಟ್ಟ ಮೇಲೆ ಆಡೋಣ, ಹೊಲಿಗೆ ಬಿಟ್ಟ ಮೇಲೆ ಜಡೆ ಹಾಕ್ತೀನಿ ಅಂತ. ನೀನು ಬಿಡಲೇ ಇಲ್ಲ. ಅದಕ್ಕೇ ನಾನೇ ಬಿಡಿಸಿದೆ.”

ಎಳನೀರು ತಂದುಕೊಟ್ಟ ಸಾವಂತ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಅಳುವಿಗೋ ನಗುವಿಗೋ ಗೊತ್ತಾಗಲಿಲ್ಲ. ವಿಶಾಲಾಕ್ಷಿ ಮೇಡಂ ಮಾತ್ರ ಕೆಲಸ ಬಿಟ್ಟವರಲ್ಲ. ಇನ್ನೂ ಮೊದಲನೇ ಕೊಡವೇ ಎಂದು ಜ್ಞಾಪಿಸಿ, ಹಗ್ಗ ವಾಪಸು ತೆಗೆದುಕೊಂಡು ಸೇದತೊಡಗಿದರು. ಕ್ಷೌರದಂಗಡಿ ಬಂತು, ಕೊಡೆಯವನು ಬಂದ, ಚಾಪೆಯವರು ಬಂದರು, ಒಂದೊಂದು ‘ಅಂತೆ’ಗೂ ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಬೆಲ್ಲವೆಲ್ಲ ತೀರಿ, ಕೊಡ ಹಗುರವಾದಂತೆ ಮೇಲೆ ಬಂದು, ಬಾವಿ ತನ್ನ ಸ್ವಂತ ದನಿಯಲ್ಲಿ ಹೇಳಿತು.

“ನೀಲಮ್ಮ.”

ನಾನು ಸೆರಗು ಸರಿಮಾಡಿಕೊಂಡೆ. ಜನ ಹೋ ಎಂದರು. ಆದರೆ ಬಾವಿಯ ಮಾತು ಮುಗಿದಿರಲಿಲ್ಲ. ಕೊಡ ಕಟ್ಟೆಯ ಮೇಲೆ ಕೂತ ಮೇಲೆ, ಯಾರೂ ಕೇಳದಿದ್ದರೂ, ತನ್ನಷ್ಟಕ್ಕೆ ಸೇರಿಸಿತು: “ಮಗಳ ಲಂಗದ ಹೊಲಿಗೆ ಬಿಟ್ಟಿದೆ.”

ಊರಿನ ಕಣ್ಣೆಲ್ಲ ಪಾರಿಯ ಲಂಗಕ್ಕೆ ಬಿತ್ತು. ನನ್ನದೂ ಆಗಲೇ ಬಿದ್ದದ್ದು. ಬಲಗಡೆ ಸೊಂಟದಿಂದ ಮಂಡಿಯವರೆಗೆ ಹೊಲಿಗೆ ಬಿಟ್ಟಿತ್ತು. ಪಿನ್ನಿನ ಮೇಲೆ ಪಿನ್ನು ಚುಚ್ಚಿ, ಎರಡು ಕಡೆ ಬಾಳೆನಾರು ಕಟ್ಟಿ, ಅವಳೇ ಹೇಗೋ ನಿಲ್ಲಿಸಿಕೊಂಡಿದ್ದಳು. ಊರಿಗೆಲ್ಲ ಬಟ್ಟೆ ಹೊಲಿಯುವವಳ ಮಗಳು. ಮೊದಲು ನಕ್ಕವನು ಮಹಾದೇವ. ಆಮೇಲೆ ಯಾರು ನಕ್ಕರು ಯಾರು ಬಿಟ್ಟರು ಹೇಳಲಾರೆ, ಬಾವಿಯೊಳಗಿಂದಲೂ ಗುಳುಗುಳು ಸದ್ದು ಬಂತು. ಪಾರಿ ನಗಲಿಲ್ಲ, ನಾನೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರಿಗೂ ಒಟ್ಟಿಗೇ ತಡೆಯದೆ ಹೋಯಿತು.

ಸೂಜಿ ದಾರ ಯಾವಾಗಲೂ ನನ್ನ ತಾಳಿಯ ಸರದಲ್ಲಿ ಸಿಕ್ಕಿಸಿರುತ್ತದೆ. ಬಾವಿಕಟ್ಟೆಯ ಮೇಲೆ, ಇರುವೆಗಳ ನಡುವೆ, ಮಗಳನ್ನು ಮುಂದೆ ನಿಲ್ಲಿಸಿಕೊಂಡು ಕೂತೆ. ಸಮವಸ್ತ್ರದ ಅಳತೆಯ ವಿಚಾರ ಮಾತಾಡಬೇಕಲ್ಲ ಎಂದು ವಿಶಾಲಾಕ್ಷಿ ಮೇಡಂ ಹತ್ತಿರ ಬಂದರು. “ಇರಿ ಮೇಡಂ, ಈ ಹೊಲಿಗೆ ಮುಗಿದ ಮೇಲೆ” ಎಂದೆ. ಅವರು ಇದ್ದರು. ಇಡೀ ಶಾಲೆ ಸಾಲಿನಲ್ಲಿ ನಿಂತು, ಒಂದು ಲಂಗಕ್ಕೆ ಹೊಲಿಗೆ ಬೀಳುವುದನ್ನು ನೋಡಿತು. ಆಮೇಲೆ ಮಹಾದೇವನನ್ನು ಕರೆದು, ಹುಡುಗರ ಚಡ್ಡಿ ನಿನಗೆ, ಲಂಗ ಬ್ಲೌಸು ನನಗೆ, ಜೇಬು ಯಾವುದಕ್ಕೆ ಇಡಬೇಕೆಂದು ಮಾತ್ರ ಕೇಳಿಕೊಂಡು ಇಡು ಎಂದೆ. ಅವನು ಕೈ ಮುಗಿದ.

ಈಗ ಮತ್ತೆ ಬಾಗಿಲ ತುಂಬ ಜನ. ಹೊಲಿಗೆ ಬಿಟ್ಟಿಲ್ಲವೆಂದು ತಿಳಿದ ಮೇಲೆ ಮೊದಲಿಗಿಂತ ಹೆಚ್ಚು ಬರುತ್ತಾರೆ. ಸಂಜೆ ಬಂದವರನ್ನು ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಮೊನ್ನೆ ತಿಮ್ಮಶೆಟ್ಟರ ಅಂಗಡಿಗೆ ಹೋಗಿ, ಪಾಯಸಕ್ಕೆಂದು ಹೇಳಿ, ದೊಡ್ಡ ಅಚ್ಚೊಂದನ್ನು ತಂದೆ. ಅವರು ಯಾವ ಪಾಯಸವೆಂದು ಕೇಳಲಿಲ್ಲ. ಪಾರಿಯೂ ನಾನೂ ಕೂಡಿಯೇ ಅದನ್ನು ಇಳಿಸಿದೆವು. ಮಾತು ಯಾವುದಿರಬೇಕು ಎಂದು ಆರಿಸಿದ್ದು ಅವಳೇ. ಈಗ ಯಾರು ಕೇಳಿದರೂ ಮೊದಲ ಕೊಡದಲ್ಲಿ, ದೀಪ ಹಚ್ಚುವ ಹೊತ್ತಿನ ಮೇಲೆ ನೀಲಮ್ಮ ಊರಲ್ಲೇ ಇರುವುದಿಲ್ಲವಂತೆ ಎಂದು ಬಾವಿ ಹೇಳುತ್ತದೆ. ನಾವು ಬಾಗಿಲು ಹಾಕಿಕೊಂಡು ಚೌಕಾಬಾರ ಆಡುತ್ತೇವೆ. ಅವಳು ಕವಡೆ ತಿರುಗಿಸುತ್ತಾಳೆ, ನಾನು ನೋಡದ ಹಾಗಿರುತ್ತೇನೆ.

ರಾಟೆ ಮತ್ತೆ ಸ್ವಲ್ಪ ಸ್ವಲ್ಪ ಅರಚತೊಡಗಿದೆ. ಬಿಟ್ಟ ಎಣ್ಣೆ ಆರಿರಬೇಕು. ಡಬ್ಬಿ ನನ್ನ ಹತ್ತಿರವೇ ಇದೆ, ಬಿಡುವಾದಾಗ ಹೋಗಿ ಎರಡು ತೊಟ್ಟು ಬಿಟ್ಟು ಬರಬೇಕು. ಹೊಲಿಗೆ ಬಿಟ್ಟ ಮೇಲೆ.